ನೋವು ಅಡಗಿದರೆ ಗಾಯ ಮಾಯಿತೆ?

ಅಮೆರಿಕ ಸಂಯುಕ್ತ ಸಂಸ್ಥಾನದ ವೃತ್ತಿಪರ ಫುಟ್‌ಬಾಲ್ ಪಂದ್ಯಗಳ ವರದಿಗಳನ್ನು ಓದುವವರಿಗೆ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಇಂಥ ಆಟಗಾರನ ಪಾದಕ್ಕೆ ಪೆಟ್ಟಾಗಿದೆ. ಅವನಿಗೆ ಕಾರ್ಟಿಸೋನ್ ಚುಚ್ಚುಮದ್ದನ್ನು ಕೊಡಲಾಗಿದೆ. ಬರುವ ಭಾನುವಾರದ ಪಂದ್ಯದಲ್ಲಿ ಅವನು ಆಡುವ ಸಂಭವವುಂಟು. ಬುಧವಾರ ಕುಂಟುತ್ತಿದ್ದವನು ಭಾನುವಾರ ಓಡುವುದನ್ನು ಕಂಡ ಪ್ರೇಕ್ಷಕನು, ಆ ಮದ್ದು ಗಾಯವನ್ನು ನಾಲ್ಕೇ ದಿನಗಳಲ್ಲಿ ಮಾಯಿಸಿಬಿಟ್ಟಿತೆಂದು ಭಾವಿಸುವುದು ಸಹಜ. ಇದು ನಿಜವೆ? ನಿಜವಲ್ಲದಿದ್ದರೆ ಆ ಆಟಗಾರನು ಯಾವ ಕಾಲಿನ ಮೇಲೆ ಓಡುತ್ತಿದ್ದಾನೆ? ಈ ಪ್ರಶ್ನೆಯ ಉತ್ತರದಲ್ಲಿ ಅರ್ಧ ವೈದ್ಯಶಾಸ್ತ್ರಕ್ಕೆ ಸೇರಿದ್ದು. ಉಳಿದರ್ಧ, ನಾವು ತರಗತಿಯಲ್ಲಿ ಕಲಿಯುವ ಸನ್ನೆಕೋಲು ಮತ್ತು ಬಲಗಳ ಪಾಠಕ್ಕೆ ಸೇರಿದ್ದು. ಎರಡನ್ನೂ ಕೂಡಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ.

ಅಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲವೆಂಬುದನ್ನು ಮೊದಲು ಹೇಳಬೇಕು. ತುದಿಗಳು ಚೂಪಾದ, ಮೊಟ್ಟೆಯನ್ನು ಹೋಲುವ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡಹುವ ಆಟ ಅದು. ಆಟಗಾರನ ತೂಕ ೧೦೦ ಕಿಲೋಗ್ರಾಂ ಇರುವುದು ಸಾಮಾನ್ಯ. ಮುಂಚೂಣಿಯಲ್ಲಿ ನಿಂತು ತಳ್ಳಾಡುವವರು ೧೪೦ ಕಿಲೋಗ್ರಾಂ ತೂಗುವುದೂ ಉಂಟು. ಇಷ್ಟು ಭಾರದ ದೇಹ ಓಡುತ್ತಾ ಬಂದು ತಟಕ್ಕನೆ ನಿಂತು ದಿಕ್ಕು ಬದಲಿಸುವಾಗ ಆ ಎಲ್ಲ ಬಲವೂ ನೆಲಕ್ಕೆ ದಾಟಿಹೋಗುವುದು ಪಾದಗಳ ಮೂಲಕವೇ.

ಪಾದವೆಂಬ ಯಂತ್ರ

ನಮ್ಮ ಒಂದೊಂದು ಪಾದದಲ್ಲಿಯೂ ೨೬ ಮೂಳೆಗಳಿವೆ. ಇವು ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಒಂದು ಕಮಾನಿನಂತೆ ಜೋಡಣೆಗೊಂಡಿವೆ. ಕಲ್ಲಿನ ಕಮಾನಿನ ಮೇಲೆ ಭಾರ ಬಿದ್ದಾಗ ಅದರ ಎರಡು ಪಾದಗಳೂ ಹೊರಕ್ಕೆ ಜಾರಲು ಹವಣಿಸುತ್ತವೆ. ಎರಡು ಕಡೆಯ ಗೋಡೆಗಳು ಅದನ್ನು ತಡೆಯುತ್ತವೆ. ನಮ್ಮ ಪಾದಕ್ಕೆ ಅಂಥ ಗೋಡೆಗಳಿಲ್ಲ. ಬಿಲ್ಲಿನ ತುದಿಗಳನ್ನು ಹೆದೆಯು ಬಿಗಿದಿಡುವಂತೆ, ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡಕ್ಕೆ ಚಾಚಿಕೊಂಡಿರುವ ಗಟ್ಟಿಯಾದ ನಾರಿನ ಪಟ್ಟಿಯೊಂದು ಈ ಕಮಾನನ್ನು ಬಿಗಿದಿಟ್ಟಿದೆ. ಇದನ್ನು ನಾವು ಅಂಗಾಲಿನ ಪಟ್ಟಿಯೆಂದು ಕರೆಯೋಣ.

ಈ ಪಟ್ಟಿಯ ಕೆಲಸವನ್ನು ವಾಚಕರು ಈಗಲೇ ಪರೀಕ್ಷಿಸಬಹುದು. ಬರಿಗಾಲಿನಲ್ಲಿ ಕುಳಿತು, ಪಾದವನ್ನು ನೆಲದ ಮೇಲಿಟ್ಟು, ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ ಎತ್ತಿ. ಅಂಗಾಲಿನ ಒಳಬದಿಯ ಕಮಾನು ತಾನಾಗಿಯೇ ಮೇಲೇರುವುದು ಕಾಣುತ್ತದೆ. ಅಂಗಾಲನ್ನು ಮುಟ್ಟಿದರೆ ಬಿಗಿದ ಹಗ್ಗದಂತಹ ಪಟ್ಟಿ ಬೆರಳಿಗೆ ಸಿಗುತ್ತದೆ. ಉರುಳೆಗೆ ಹಗ್ಗ ಸುತ್ತಿಕೊಂಡು ಬಿಗಿಯಾಗುವಂತೆ, ಮೇಲೆತ್ತಿದ ಬೆರಳಿನ ಬುಡಕ್ಕೆ ಪಟ್ಟಿಯು ಸುತ್ತಿಕೊಂಡು ಬಿಗಿಯಾಗುತ್ತದೆ. ಬ್ರಿಟನ್ನಿನ ಹಿಕ್ಸ್ ಎಂಬವರು ೧೯೫೪ರಲ್ಲಿ ಈ ಏರ್ಪಾಡನ್ನು ವಿವರಿಸಿದರು. ನಾವು ನಡೆಯುವಾಗ ಹಿಮ್ಮಡಿ ಎದ್ದು ಬೆರಳುಗಳು ಬಾಗಿದ ಪ್ರತಿಯೊಂದು ಹೆಜ್ಜೆಯಲ್ಲಿಯೂ ಇದು ನಡೆಯುತ್ತದೆ.

ಈ ಕಮಾನು ಬರಿಯ ಆಧಾರವಲ್ಲ, ಒಂದು ಸ್ಪ್ರಿಂಗು ಕೂಡ. ಅಲೆಕ್ಸಾಂಡರ್ ಮತ್ತು ಅವರ ಸಹೋದ್ಯೋಗಿಗಳು ೧೯೮೭ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ೭೦ ಕಿಲೋಗ್ರಾಂ ತೂಕದ ಮನುಷ್ಯನು ಸೆಕೆಂಡಿಗೆ ೪.೫ ಮೀಟರ್ ವೇಗದಲ್ಲಿ ಓಡುವಾಗ, ಪಾದ ನೆಲಕ್ಕೆ ತಾಗಿದ ಒಂದೊಂದು ಸಲವೂ ಸುಮಾರು ೧೦೦ ಜೌಲ್ ಶಕ್ತಿಯ ಕೊಡುಕೊಳ್ಳುವಿಕೆ ನಡೆಯುತ್ತದೆ. ಇದರಲ್ಲಿ ಸುಮಾರು ೩೫ ಜೌಲ್‌ಗಳನ್ನು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವೂ, ೧೭ ಜೌಲ್‌ಗಳನ್ನು ಪಾದದ ಕಮಾನೂ ಹಿಗ್ಗಿ ಹಿಡಿದಿಟ್ಟುಕೊಳ್ಳುತ್ತವೆ. ಮುಂದಿನ ಜಿಗಿತದಲ್ಲಿ ಅದರ ಬಹುಭಾಗ ಹಿಂದಿರುಗಿ ಬರುತ್ತದೆ.

ಇನ್ನು ಬಲದ ಲೆಕ್ಕ. ೬೦ ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು ಒಂದೇ ಕಾಲಿನ ತುದಿಯ ಮೇಲೆ ನಿಂತಿದ್ದಾನೆನ್ನೋಣ. ನೆಲವು ಅವನ ಪಾದದ ಮುಂಭಾಗವನ್ನು ಮೇಲಕ್ಕೆ ಒತ್ತುವ ಬಲ ಅವನ ತೂಕದಷ್ಟೇ, ಅಂದರೆ ಸುಮಾರು ೬೦೦ ನ್ಯೂಟನ್. ಪಾದವು ಇಲ್ಲಿ ಒಂದು ಸನ್ನೆಕೋಲು. ಹರಡಿನ ಕೀಲು ಅದರ ಆಧಾರಬಿಂದು. ಕೀಲಿನಿಂದ ಪಾದದ ಮುಂಭಾಗಕ್ಕೆ ಇರುವ ದೂರವು, ಕೀಲಿನಿಂದ ಹಿಂದಿನ ಸ್ನಾಯುರಜ್ಜುವಿಗೆ ಇರುವ ದೂರದ ಸುಮಾರು ಮೂರರಷ್ಟು. ಆದುದರಿಂದ ಸಮತೋಲನಕ್ಕಾಗಿ ಸ್ನಾಯುರಜ್ಜು ೬೦೦ರ ಮೂರರಷ್ಟು, ಅಂದರೆ ೧೮೦೦ ನ್ಯೂಟನ್ ಬಲದಿಂದ ಎಳೆಯಬೇಕು. ಕೀಲಿನ ಮೇಲೆ ಬೀಳುವ ಒತ್ತು ಇವೆರಡರ ಮೊತ್ತ, ೨೪೦೦ ನ್ಯೂಟನ್. ಸುಮ್ಮನೆ ನಿಂತಾಗಲೇ ಇಷ್ಟು!

ಓಡುವಾಗ ನೆಲದ ಪ್ರತಿಕ್ರಿಯೆ ದೇಹದ ತೂಕದ ಎರಡರಿಂದ ಮೂರು ಪಟ್ಟಿಗೆ ಏರುತ್ತದೆ. ೧೦೦ ಕಿಲೋಗ್ರಾಂ ತೂಕದ ಆಟಗಾರನಿಗೆ ಎರಡೂವರೆ ಪಟ್ಟೆಂದು ಹಿಡಿದರೂ, ಅವನ ಸ್ನಾಯುರಜ್ಜು ಪ್ರತಿಯೊಂದು ಹೆಜ್ಜೆಯಲ್ಲಿಯೂ ಸುಮಾರು ೭೫೦೦ ನ್ಯೂಟನ್ ಬಲವನ್ನು, ಎಂದರೆ ಮುಕ್ಕಾಲು ಟನ್ನಿನಷ್ಟು ಭಾರವನ್ನು, ಹೊರಬೇಕಾಗುತ್ತದೆ. ಇದು ಬರಿಯ ಕಾಗದದ ಲೆಕ್ಕವೆಂದು ಯಾರೂ ಶಂಕಿಸಬೇಕಾಗಿಲ್ಲ. ಫಿನ್ಲೆಂಡಿನ ಕೋಮಿ ಎಂಬ ವಿಜ್ಞಾನಿಯು ಓಟಗಾರನ ಸ್ನಾಯುರಜ್ಜುವಿಗೇ ಒಂದು ಪುಟ್ಟ ಬಲಮಾಪಕವನ್ನು ಕೂಡಿಸಿ ಅಳೆದಾಗ ೯೦೦೦ ನ್ಯೂಟನ್, ದೇಹದ ತೂಕದ ೧೨.೫ ಪಟ್ಟು, ಕಂಡುಬಂದಿತು. ಸೇತುವೆಯನ್ನು ಕಟ್ಟುವ ಇಂಜಿನಿಯರು ಬೀಳಬಹುದಾದ ಭಾರಕ್ಕಿಂತ ಹಲವು ಪಟ್ಟು ಹೆಚ್ಚು ಭಾರವನ್ನು ತಡೆಯುವಂತೆ ಅದನ್ನು ಕಟ್ಟುತ್ತಾನೆ. ಪಾದದ ನಾರುಗಳಿಗೆ ಪ್ರಕೃತಿಯು ಅಷ್ಟು ಅಗಲವಾದ ಸುರಕ್ಷತೆಯ ಅಂಚನ್ನು ಕೊಟ್ಟಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಗಾಯ ಮಾಯುವ ಕ್ರಮ

ಫುಟ್‌ಬಾಲ್ ಆಟಗಾರರ ಪಾದಕ್ಕೆ ಒದಗುವ ಗಾಯಗಳು ಹಲವು. ಅಂಗಾಲಿನ ಪಟ್ಟಿಯು ಹಿಮ್ಮಡಿಗೆ ಅಂಟಿಕೊಂಡಿರುವೆಡೆಯಲ್ಲಿ ಜೀರ್ಣವಾಗಿ ನೋಯಬಹುದು, ಕೆಲವೊಮ್ಮೆ ಹರಿಯಬಹುದು. ಉದ್ದೆಲುಬುಗಳು ಮುರಿಯಬಹುದು. ಹರಡಿನ ಸುತ್ತಲಿನ ಅಸ್ಥಿರಜ್ಜುಗಳು ಉಳುಕಬಹುದು. ಇವಲ್ಲದೆ ಆ ಆಟಕ್ಕೇ ವಿಶಿಷ್ಟವೆನ್ನಬಹುದಾದ ಇನ್ನೊಂದು ಗಾಯವುಂಟು. ೧೯೬೬ರಲ್ಲಿ ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಎಂಬ ಮುಚ್ಚು ಕ್ರೀಡಾಂಗಣದಲ್ಲಿ ಕೃತಕ ಹುಲ್ಲನ್ನು ಹಾಸಲಾಯಿತು. ಮುಂದೆ ಅನೇಕ ಕ್ರೀಡಾಂಗಣಗಳು ಇದನ್ನು ಅನುಸರಿಸಿದವು. ಬೂಟು ಈ ಹಾಸಿನಲ್ಲಿ ಕಚ್ಚಿ ನಿಂತಾಗ, ಮುಂದಕ್ಕೆ ಬಾಗಿದ ದೇಹದ ಭಾರವೆಲ್ಲ ಹೆಬ್ಬೆರಳಿನ ಬುಡದ ಕೀಲನ್ನು ಮಿತಿಮೀರಿ ಮೇಲಕ್ಕೆ ಮಡಚುತ್ತದೆ. ಕೀಲಿನ ಅಡಿಯ ನಾರುಗಳು ಹರಿಯುತ್ತವೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಬೋವರ್ಸ್ ಮತ್ತು ಮಾರ್ಟಿನ್ ೧೯೭೬ರಲ್ಲಿ ಇದಕ್ಕೆ ‘ಟರ್ಫ್ ಟೋ’, ಎಂದರೆ ಹುಲ್ಲುಹಾಸಿನ ಬೆರಳು, ಎಂಬ ಹೆಸರನ್ನು ಕೊಟ್ಟರು. ಹೆಸರು ಹಗುರ, ಆದರೆ ಗಾಯ ಹಗುರವಲ್ಲ. ಪಿಟ್ಸ್‌ಬರ್ಗ್ ತಂಡದ ಪ್ರಸಿದ್ಧ ಆಟಗಾರ ಜ್ಯಾಕ್ ಲ್ಯಾಂಬರ್ಟ್ ೧೯೮೪ರಲ್ಲಿ ಹೆಬ್ಬೆರಳಿಗಾದ ಗಾಯದಿಂದ ಚೇತರಿಸಿಕೊಳ್ಳಲಾರದೆ ಮರುವರ್ಷ ಆಟವನ್ನೇ ಬಿಡಬೇಕಾಯಿತು.

ಇಂಥ ನಾರುಗಳು ಹರಿದಾಗ ದೇಹವು ಅವನ್ನು ಮೂರು ಹಂತಗಳಲ್ಲಿ ದುರಸ್ತಿ ಮಾಡುತ್ತದೆ. ಮೊದಲನೆಯದು ಉರಿಯೂತ. ರಕ್ತನಾಳಗಳು ಹಿಗ್ಗುತ್ತವೆ, ಗಾಯದ ಜಾಗ ಕೆಂಪಾಗಿ ಬಿಸಿಯಾಗಿ ಊದಿಕೊಳ್ಳುತ್ತದೆ, ನೋಯುತ್ತದೆ. ರಕ್ತದ ಬಿಳಿಯ ಕಣಗಳು ಅಲ್ಲಿಗೆ ನುಗ್ಗಿ ಹಾಳಾದ ಅಂಶವನ್ನು ಗುಡಿಸಿ ತೆಗೆಯುತ್ತವೆ. ಇದು ಕೆಲವು ದಿನಗಳ ಕೆಲಸ. ಎರಡನೆಯ ಹಂತದಲ್ಲಿ ವಿಶೇಷ ಜೀವಕೋಶಗಳು ಕೊಲಾಜೆನ್ ಎಂಬ ಪ್ರೋಟೀನಿನ ಹೊಸ ಎಳೆಗಳನ್ನು ನೂಲುತ್ತವೆ. ಇವು ಆರಂಭದಲ್ಲಿ ತೆಳುವಾಗಿ, ದಿಕ್ಕುದೆಸೆಯಿಲ್ಲದೆ ಹರಡಿಕೊಂಡಿರುತ್ತವೆ. ಇದಕ್ಕೆ ವಾರಗಳು ಬೇಕು. ಮೂರನೆಯ ಹಂತದಲ್ಲಿ ಆ ಎಳೆಗಳು ದಪ್ಪವಾಗಿ, ಎಳೆತ ಬೀಳುವ ದಿಕ್ಕಿಗೆ ಸರಿಯಾಗಿ ಸಾಲುಗೂಡುತ್ತವೆ. ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ನಡೆಯುತ್ತದೆ. ಸ್ನಾಯುರಜ್ಜು ಮತ್ತು ಅಸ್ಥಿರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆಯಾದ್ದರಿಂದ ಅವು ಮಾಂಸಖಂಡಗಳಿಗಿಂತ ನಿಧಾನವಾಗಿ ಕೂಡಿಕೊಳ್ಳುತ್ತವೆ.

ಎಷ್ಟೇ ಹೆಸರುವಾಸಿಯಾದ ಆಟಗಾರನಾಗಲಿ, ಎಷ್ಟೇ ನುರಿತ ವೈದ್ಯರಿರಲಿ, ಈ ಕಾಲವನ್ನು ಹೆಚ್ಚಾಗಿ ಕುಗ್ಗಿಸುವುದು ಸಾಧ್ಯವಾಗಿಲ್ಲ. ನಮ್ಮ ಕಾಲ್ಚೆಂಡಾಟದಿಂದಲೇ ಒಂದು ನಿದರ್ಶನವನ್ನು ಕೊಡುವುದಾದರೆ, ಇಂಗ್ಲೆಂಡಿನ ಡೇವಿಡ್ ಬೆಕ್‌ಹ್ಯಾಮ್ ೨೦೦೨ರ ಏಪ್ರಿಲ್ ೧೦ರಂದು ಎಡಪಾದದ ಉದ್ದೆಲುಬನ್ನು ಮುರಿದುಕೊಂಡರು. ಅವರು ವಿಶ್ವಕಪ್ಪಿನಲ್ಲಿ ಆಡಬೇಕೆಂದು ದೇಶವೇ ಕಾದಿತ್ತು. ಆದರೂ ಅವರು ಕಣಕ್ಕಿಳಿದದ್ದು ಜೂನ್ ೨ರಂದು, ಎಂದರೆ ೫೩ ದಿನಗಳ ತರುವಾಯ. ಅಮೆರಿಕದ ಡೆನ್ವರ್ ತಂಡದ ನಾಯಕಸ್ಥಾನದಲ್ಲಿದ್ದ ಪೇಯ್ಟನ್ ಮ್ಯಾನಿಂಗ್ ಅಂಗಾಲಿನ ಪಟ್ಟಿಯ ಗಾಯದಿಂದಾಗಿ ೨೦೧೫ರ ನವೆಂಬರ್ ೧೫ರ ಪಂದ್ಯದ ಬಳಿಕ ಹೊರಗುಳಿದು, ೨೦೧೬ರ ಜನವರಿ ೩ರಂದು ಮರಳಿ ಬಂದರು. ಏಳು ವಾರಗಳ ಆ ವಿರಾಮದ ನಂತರ ಫೆಬ್ರವರಿ ೭ರ ಅಂತಿಮ ಪಂದ್ಯವನ್ನು ಅವರ ತಂಡ ಗೆದ್ದಿತು.

ಹಾಗಾದರೆ ನಾಲ್ಕೇ ದಿನಗಳಲ್ಲಿ ಆಟಗಾರನನ್ನು ಎಬ್ಬಿಸಿ ಓಡಿಸುವ ಆ ಮದ್ದು ಮಾಡುವುದೇನನ್ನು?

ಕಾರ್ಟಿಸೋನಿನ ಕಥೆ

ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಿಟ್ಟಂತೆ ಎರಡು ಪುಟ್ಟ ಗ್ರಂಥಿಗಳು ಕುಳಿತಿವೆ. ಇವೇ ಅಡ್ರಿನಲ್ ಗ್ರಂಥಿಗಳು. ಇವುಗಳ ಹೊರಪದರದಲ್ಲಿ ಯಾವ ಯಾವ ಹಾರ್ಮೋನುಗಳು ಹುಟ್ಟುತ್ತವೆಂಬುದನ್ನು ೧೯೩೦ರ ದಶಕದಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಎಡ್ವರ್ಡ್ ಕೆಂಡಾಲ್ ಮತ್ತು ಸ್ವಿಟ್ಸರ್ಲೆಂಡಿನ ಟಾಡಿಯಸ್ ರೈಕ್‌ಸ್ಟೈನ್ ಪ್ರತ್ಯೇಕವಾಗಿ ಶೋಧಿಸಿದರು. ಕೆಂಡಾಲ್ ತಾವು ಬೇರ್ಪಡಿಸಿದ ವಸ್ತುಗಳಿಗೆ ಅಕ್ಷರಗಳನ್ನೇ ಹೆಸರಾಗಿಟ್ಟರು. ಅವುಗಳಲ್ಲಿ ‘ಇ’ ಎಂಬ ಸಂಯುಕ್ತವೇ ಮುಂದೆ ಕಾರ್ಟಿಸೋನ್ ಎನಿಸಿಕೊಂಡಿತು. ಗ್ರಂಥಿಗಳಿಂದ ಅದನ್ನು ತೆಗೆದರೆ ದೊರೆಯುತ್ತಿದ್ದುದು ಅತ್ಯಲ್ಪ. ಮರ್ಕ್ ಸಂಸ್ಥೆಯ ಲೂಯಿಸ್ ಸ್ಯಾರೆಟ್ ೧೯೪೦ರ ದಶಕದಲ್ಲಿ ದನದ ಪಿತ್ತರಸದ ಆಮ್ಲದಿಂದ ಹೊರಟು ಮೂವತ್ತಕ್ಕೂ ಮೀರಿದ ರಾಸಾಯನಿಕ ಹಂತಗಳನ್ನು ದಾಟಿ ಅದನ್ನು ತಯಾರಿಸಿದರು.

ಮೇಯೋ ಕ್ಲಿನಿಕ್ಕಿನ ವೈದ್ಯ ಫಿಲಿಪ್ ಹೆಂಚ್ ಅವರು ೧೯೪೮ರ ಸೆಪ್ಟೆಂಬರಿನಲ್ಲಿ, ತೀವ್ರವಾದ ಸಂಧಿವಾತದಿಂದ ಏಳಲಾರದಿದ್ದ ಮಹಿಳೆಯೊಬ್ಬರಿಗೆ ಇದನ್ನು ಮೊದಲು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. ೧೯೫೦ರಲ್ಲಿ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಆದರೆ ಮದ್ದನ್ನು ನಿಲ್ಲಿಸಿದೊಡನೆ ರೋಗ ಮರಳುತ್ತಿತ್ತು. ಮುಂದುವರಿಸಿದರೆ ಮುಖ ಊದಿಕೊಳ್ಳುವುದು, ಮೂಳೆ ಟೊಳ್ಳಾಗುವುದು ಮುಂತಾದ ಹೊಸ ತೊಂದರೆಗಳು ಹುಟ್ಟುತ್ತಿದ್ದವು. ರೋಗದ ಬೇರನ್ನು ಕೀಳದೆ ಅದರ ಲಕ್ಷಣಗಳನ್ನು ಅಡಗಿಸುವುದು ಈ ಮದ್ದಿನ ಸ್ವಭಾವವೆಂಬುದು ಆಗಲೇ ಗೊತ್ತಾಯಿತು.

ದೇಹಕ್ಕೆಲ್ಲ ಕೊಡುವ ಬದಲು ನೋಯುವ ಕೀಲಿಗೇ ಮದ್ದನ್ನು ಚುಚ್ಚುವ ಪದ್ಧತಿಯನ್ನು ಫಿಲಡೆಲ್ಫಿಯಾದ ಜೋಸೆಫ್ ಹಾಲಂಡರ್ ೧೯೫೧ರಲ್ಲಿ ಬಳಕೆಗೆ ತಂದರು. ಇಲ್ಲಿ ಒಂದು ಸ್ವಾರಸ್ಯವುಂಟು. ಕಾರ್ಟಿಸೋನು ತಾನಾಗಿ ನಿಷ್ಕ್ರಿಯ. ಮುಖ್ಯವಾಗಿ ಯಕೃತ್ತಿನಲ್ಲಿ ಅದು ಹೈಡ್ರೋಕಾರ್ಟಿಸೋನ್ ಆಗಿ ಮಾರ್ಪಟ್ಟ ಮೇಲೆಯೇ ಕೆಲಸಮಾಡುತ್ತದೆ. ಆದಕಾರಣ ಹಾಲಂಡರ್ ಕೀಲಿಗೆ ಚುಚ್ಚಿದ್ದು ಹೈಡ್ರೋಕಾರ್ಟಿಸೋನನ್ನು. ಇಂದು ಕ್ರೀಡಾವೈದ್ಯರು ಬಳಸುವುದು ಟ್ರೈಯಾಮ್ಸಿನೊಲೋನ್, ಮಿಥೈಲ್‌ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮೊದಲಾದ, ಅದಕ್ಕಿಂತ ಪ್ರಬಲವಾದ ಸಂಬಂಧಿಗಳನ್ನು. ‘ಕಾರ್ಟಿಸೋನ್ ಚುಚ್ಚುಮದ್ದು’ ಎಂಬ ಹಳೆಯ ಹೆಸರು ಮಾತ್ರ ರೂಢಿಯಲ್ಲಿ ಉಳಿದಿದೆ.

ಒಂದೇ ಮದ್ದಿನ ಎರಡು ಮುಖ

ಈ ಅಣುಗಳು ಕೊಬ್ಬಿನಲ್ಲಿ ಕರಗುವಂಥವಾದ್ದರಿಂದ ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟುತ್ತವೆ. ಒಳಗೆ ತಮಗಾಗಿ ಕಾದಿರುವ ಗ್ರಾಹಕ ಪ್ರೋಟೀನಿನೊಡನೆ ಕೂಡಿ ಕೋಶಕೇಂದ್ರವನ್ನು ಹೊಗುತ್ತವೆ. ಅಲ್ಲಿ ಕೆಲವು ಜೀನ್‌ಗಳನ್ನು ಚುರುಕುಗೊಳಿಸಿ, ಕೆಲವನ್ನು ತಡೆಹಿಡಿಯುತ್ತವೆ. ಪರಿಣಾಮವಾಗಿ, ನೋವು ಬಾವುಗಳನ್ನು ಕೆರಳಿಸುವ ಪ್ರೋಸ್ಟಗ್ಲಾಂಡಿನ್ ಮುಂತಾದ ವಸ್ತುಗಳ ಉತ್ಪತ್ತಿ ಕುಗ್ಗುತ್ತದೆ, ಬಿಳಿಯ ರಕ್ತಕಣಗಳ ನುಗ್ಗಾಟ ತಗ್ಗುತ್ತದೆ, ಊತ ಇಳಿಯುತ್ತದೆ, ನೋವು ಅಡಗುತ್ತದೆ. ಇದು ಮೊದಲನೆಯ ಮುಖ.

ಎರಡನೆಯ ಮುಖವನ್ನು ಕಾಣಲು ನಾವು ಮಾಯುವಿಕೆಯ ಮೂರು ಹಂತಗಳನ್ನು ನೆನೆದರೆ ಸಾಕು. ಹೊಸ ಗಾಯದಲ್ಲಿ ಉರಿಯೂತವೆಂಬುದು ದುರಸ್ತಿಯ ಮೊದಲ ಹಂತ. ಅದನ್ನು ಅಡಗಿಸಿದ ಕೈಯೇ ಮುಂದಿನ ಹಂತಗಳನ್ನೂ ತಡಮಾಡುತ್ತದೆ. ಅಷ್ಟೇ ಅಲ್ಲ, ಕೊಲಾಜೆನ್ ಎಳೆಗಳನ್ನು ನೂಲುವ ಜೀವಕೋಶಗಳ ಕೆಲಸವನ್ನೂ ಈ ಮದ್ದು ನೇರವಾಗಿ ಕುಗ್ಗಿಸುತ್ತದೆ. ಹಿಮ್ಮಡಿಯ ಕೆಳಗೆ ಮೆತ್ತೆಯಂತಿರುವ ಕೊಬ್ಬಿನ ಪದರವು ಇದರಿಂದ ಕೆಲವರಲ್ಲಿ ಸವೆಯುತ್ತದೆ. ಮೆತ್ತೆ ತೆಳುವಾದರೆ ನೆಲದ ಪೆಟ್ಟು ಇನ್ನೂ ಕಡಿಮೆ ಕಾಲದಲ್ಲಿ ಮೂಳೆಗೆ ತಲುಪುತ್ತದೆ. ಸಂವೇಗದ ಬದಲಾವಣೆ ಅಷ್ಟೇ ಇದ್ದು ಕಾಲ ಕುಗ್ಗಿದರೆ ಬಲ ಹೆಚ್ಚುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು.

ಚುಚ್ಚುಮದ್ದಿನಲ್ಲಿ ಸಾಮಾನ್ಯವಾಗಿ ಅರಿವಳಿಕೆಯ ದ್ರವವನ್ನೂ ಬೆರೆಸಿರುತ್ತಾರೆ. ಚುಚ್ಚಿದ ಕೆಲವೇ ನಿಮಿಷಗಳಲ್ಲಿ ನೋವು ಮಾಯವಾಗುವುದು ಅದರಿಂದ. ಅದು ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಕಾರ್ಟಿಸೋನ್ ವರ್ಗದ ಮದ್ದು ತನ್ನ ಗುಣವನ್ನು ತೋರಿಸುವುದು ಒಂದೆರಡು ದಿನಗಳ ಮೇಲೆ. ಅದು ವಾರಗಟ್ಟಲೆ ಉಳಿಯುತ್ತದೆ.

ಈಗ ಪ್ರಯೋಗಗಳ ಸಾಕ್ಷ್ಯವನ್ನು ನೋಡೋಣ. ಆಸ್ಟ್ರೇಲಿಯಾದಲ್ಲಿ ಅಂಗಾಲಿನ ಪಟ್ಟಿಯ ನೋವಿದ್ದ ೮೨ ಮಂದಿಯಲ್ಲಿ ಕೆಲವರಿಗೆ ಡೆಕ್ಸಾಮೆಥಾಸೋನನ್ನೂ, ಉಳಿದವರಿಗೆ ಬರಿಯ ಉಪ್ಪುನೀರನ್ನೂ ಚುಚ್ಚಿ ಹೋಲಿಸಲಾಯಿತು. ೨೦೧೨ರಲ್ಲಿ ಪ್ರಕಟವಾದ ಇದರ ಫಲಿತಾಂಶದಂತೆ, ನಾಲ್ಕನೆಯ ವಾರದಲ್ಲಿ ಮದ್ದು ಪಡೆದವರ ನೋವು ಹೆಚ್ಚು ತಗ್ಗಿತ್ತು. ಎಂಟನೆಯ ಮತ್ತು ಹನ್ನೆರಡನೆಯ ವಾರಗಳಲ್ಲಿ ನೋವಿನ ಮಟ್ಟಿಗೆ ಆ ಅಂತರ ಉಳಿದಿರಲಿಲ್ಲ. ಎಂದರೆ ಉಪಶಮನ ನಿಜ, ಆದರೆ ತಾತ್ಕಾಲಿಕ. ಇನ್ನೊಂದು ಕಡೆ, ಅಮೆರಿಕದ ಇಬ್ಬರು ವೈದ್ಯರು ೧೯೯೮ರಲ್ಲಿ ವರದಿ ಮಾಡಿದಂತೆ, ಅವರ ಬಳಿಗೆ ಬಂದ ಇದೇ ಬೇನೆಯ ೭೬೫ ರೋಗಿಗಳಲ್ಲಿ ೫೧ ಮಂದಿಗೆ ಪಟ್ಟಿಯು ಹರಿದಿತ್ತು. ಆ ೫೧ರಲ್ಲಿ ೪೪ ಪ್ರಸಂಗಗಳು ಕಾರ್ಟಿಸೋನ್ ವರ್ಗದ ಚುಚ್ಚುಮದ್ದಿಗೆ ಸಂಬಂಧಿಸಿದವಾಗಿದ್ದವು. ಕೀಲುಗಳೊಳಗಿನ ಮೃದ್ವಸ್ಥಿಯ ವಿಷಯದಲ್ಲಿಯೂ ಎಚ್ಚರಿಕೆಯ ಮಾತುಂಟು. ಮಂಡಿಯ ಸವೆತವಿದ್ದ ೧೪೦ ರೋಗಿಗಳಿಗೆ ಎರಡು ವರ್ಷಗಳ ಕಾಲ ಹನ್ನೆರಡು ವಾರಗಳಿಗೊಮ್ಮೆ ಚುಚ್ಚುಮದ್ದು ಕೊಟ್ಟು ನಡೆಸಿದ, ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಟ್ರೈಯಾಮ್ಸಿನೊಲೋನ್ ಪಡೆದವರ ಮೃದ್ವಸ್ಥಿ ಉಪ್ಪುನೀರು ಪಡೆದವರದಕ್ಕಿಂತ ಹೆಚ್ಚು ಸವೆಯಿತು. ನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಮತ್ತೊಂದು ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. ಅದೇ ಅಮೆರಿಕದ ವೃತ್ತಿಪರ ಲೀಗಿನ ಒಂದು ತಂಡದ ಹದಿಮೂರು ವರ್ಷಗಳ ದಾಖಲೆಯನ್ನು ೨೦೦೦ದಲ್ಲಿ ವೈದ್ಯರು ಪ್ರಕಟಿಸಿದರು. ತೊಡೆಯ ಹಿಂದಿನ ಸ್ನಾಯುವಿಗೆ ತೀವ್ರ ಗಾಯವಾಗಿದ್ದ ೫೮ ಆಟಗಾರರಿಗೆ ಚುಚ್ಚುಮದ್ದು ಕೊಟ್ಟಿದ್ದರು. ಅವರಲ್ಲಿ ೪೯ ಮಂದಿ ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳಲಿಲ್ಲ. ಮದ್ದಿನಿಂದ ಕೇಡಾದುದು ಕಂಡುಬರಲಿಲ್ಲ. ಆದರೆ ರಕ್ತ ಸಮೃದ್ಧವಾಗಿ ಹರಿಯುವ ಮಾಂಸಖಂಡಕ್ಕೆ ಸಲ್ಲುವುದು, ರಕ್ತ ಕಡಿಮೆಯಿರುವ ನಾರಿಗೂ ಸಲ್ಲುತ್ತದೆಂದು ಹೇಳಲಾಗದು. ಮದ್ದು ಪಡೆಯದವರೊಡನೆ ಹೋಲಿಕೆಯೂ ಅಲ್ಲಿ ನಡೆದಿರಲಿಲ್ಲ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿನೊಳಕ್ಕೆ ಈ ಮದ್ದನ್ನು ಚುಚ್ಚಬಾರದೆಂಬುದು ವೈದ್ಯರಲ್ಲಿ ಬಹುಕಾಲದಿಂದ ನೆಲೆಗೊಂಡಿರುವ ನಿಯಮ.

ಎರಡು ರೇಖೆಗಳು

ಒಂದು ಹಾಳೆಯ ಮೇಲೆ ಎರಡು ರೇಖೆಗಳನ್ನು ಎಳೆಯೋಣ. ತಿಳಿವಳಿಕೆಗಾಗಿ ಮಾತ್ರ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಆರೋಗ್ಯವಾಗಿರುವ ಪಟ್ಟಿ ತಡೆಯಬಲ್ಲ ಬಲ ೧೦೦ ಅಂಶ. ಪಂದ್ಯದಲ್ಲಿ ಅದರ ಮೇಲೆ ಬೀಳುವ ಬಲ ೭೦ ಅಂಶ. ಗಾಯವಾದ ದಿನ ಪಟ್ಟಿಯ ಸಾಮರ್ಥ್ಯ ೪೦ಕ್ಕೆ ಕುಸಿಯುತ್ತದೆ. ಅಲ್ಲಿಂದ ಅದು ಮೆಲ್ಲಮೆಲ್ಲನೆ ಏರಿ ಏಳನೆಯ ವಾರದ ಹೊತ್ತಿಗೆ ೭೦ನ್ನು ದಾಟುತ್ತದೆನ್ನೋಣ. ಇದು ಮೊದಲನೆಯ ರೇಖೆ.

ಎರಡನೆಯ ರೇಖೆ, ನೋವು ಅನುಮತಿಸುವ ಬಲದ್ದು. ಗಾಯವಾದ ದಿನ ೩೦ ಅಂಶಕ್ಕಿಂತ ಹೆಚ್ಚು ಬಲ ಬಿದ್ದರೆ ಸಹಿಸಲಾಗದ ನೋವು ಬರುತ್ತದೆ. ಆದುದರಿಂದ ಆಟಗಾರನು ಕುಂಟುತ್ತಾನೆ, ಬಲ ೩೦ನ್ನು ಮೀರುವುದಿಲ್ಲ, ಪಟ್ಟಿ ಹರಿಯುವುದಿಲ್ಲ. ಗಾಯ ಮಾಯುತ್ತ ಬಂದಂತೆ ಈ ರೇಖೆಯೂ ಮೊದಲನೆಯದರ ಕೆಳಗೆ, ಅದರ ನೆರಳಿನಂತೆ ಏರುತ್ತದೆ. ಚುಚ್ಚುಮದ್ದು ಮಾಡುವುದಿಷ್ಟೆ: ಎರಡನೆಯ ರೇಖೆಯನ್ನು ಒಂದೇ ನೆಗೆತಕ್ಕೆ ೭೦ರ ಮೇಲಕ್ಕೆ ಎತ್ತಿಬಿಡುತ್ತದೆ. ಮೊದಲನೆಯದು ೪೦ರ ಆಸುಪಾಸಿನಲ್ಲಿಯೇ ಉಳಿದಿರುತ್ತದೆ. ಮದ್ದಿನ ಎರಡನೆಯ ಮುಖದಿಂದಾಗಿ ಅದರ ಏರಿಕೆ ಇನ್ನಷ್ಟು ನಿಧಾನವೂ ಆಗಬಹುದು. ಭಾನುವಾರ ಆಟಗಾರನು ನೋವಿಲ್ಲದೆ ೭೦ ಅಂಶ ಬಲ ಹಾಕಿ ಓಡುತ್ತಾನೆ. ಉಗಿಯಂತ್ರದ ಒತ್ತಡಮಾಪಕದ ಮುಳ್ಳನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದರೆ ಕೊಪ್ಪರಿಗೆಯೊಳಗಿನ ಒತ್ತಡ ಇಳಿಯುವುದಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ.

ನೋವು ಎಲ್ಲ ವೇಳೆಯಲ್ಲಿಯೂ ನಂಬತಕ್ಕ ಮಾಪಕವೆಂದು ನಾವು ಹೇಳುವುದಿಲ್ಲ. ಹಳೆಯ ಬೇನೆಗಳಲ್ಲಿ ಗಾಯಕ್ಕೆ ಮೀರಿದ ನೋ‌ವಿರಬಹುದು. ಕೀಲಿನ ಸಂಧಿವಾತದಲ್ಲಿಯೂ, ಮೂಳೆ ಮತ್ತು ನಾರುಗಳ ನಡುವಿನ ದ್ರವದ ಚೀಲಗಳು ಊದಿಕೊಂಡಾಗಲೂ ಉರಿಯೂತವೇ ರೋಗ. ಅಲ್ಲಿ ಈ ಮದ್ದು ತಕ್ಕ ಕೈಯಲ್ಲಿ ಬಹಳ ಉಪಕಾರಿ. ಮುರಿದ ಮೂಳೆ ಅಥವಾ ಹರಿದ ನಾರು ಇರುವೆಡೆಯಲ್ಲಿ ಮಾತ್ರ ನೋವಿನ ಬಾಯಿ ಮುಚ್ಚಿಸುವುದು ಅಪಾಯಕರ.

ಆಟಗಾರನ ಇಕ್ಕಟ್ಟು

ಇಷ್ಟು ತಿಳಿದಿದ್ದರೂ ಚುಚ್ಚುಮದ್ದು ಏಕೆ ನಿಲ್ಲುವುದಿಲ್ಲ? ಕಾರಣ ಆಟದ ಏರ್ಪಾಡಿನಲ್ಲಿದೆ. ಆ ಲೀಗಿನಲ್ಲಿ ೨೦೨೧ರಿಂದ ತಂಡವೊಂದು ೧೮ ವಾರಗಳಲ್ಲಿ ೧೭ ಪಂದ್ಯಗಳನ್ನು ಆಡುತ್ತದೆ. ಏಳು ವಾರಗಳ ವಿಶ್ರಾಂತಿಯೆಂದರೆ ಋತುವಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಬಹುಮಂದಿ ಆಟಗಾರರ ಒಪ್ಪಂದದಲ್ಲಿ ಪೂರ್ತಿ ಹಣಕ್ಕೆ ಖಾತರಿಯಿರುವುದಿಲ್ಲ. ಹೊರಗೆ ಕುಳಿತವನ ಸ್ಥಾನವನ್ನು ಹಿಡಿಯಲು ಮತ್ತೊಬ್ಬನು ಕಾದಿರುತ್ತಾನೆ. ತಂಡದ ವೈದ್ಯನಿಗೂ ಎರಡು ನಿಷ್ಠೆಗಳು: ಒಂದು ರೋಗಿಗೆ, ಇನ್ನೊಂದು ತನ್ನನ್ನು ನೇಮಿಸಿದ ತಂಡಕ್ಕೆ.

೨೦೧೪ರ ಮೇ ತಿಂಗಳಲ್ಲಿ ಅಲ್ಲಿನ ಹಲವು ಮಾಜಿ ಆಟಗಾರರು ಲೀಗಿನ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅವರಲ್ಲಿ ಒಬ್ಬರು ಷಿಕಾಗೋ ತಂಡದ ಹೆಸರಾಂತ ಆಟಗಾರ ರಿಚರ್ಡ್ ಡೆಂಟ್. ಪಾದದ ಮೂಳೆ ಮುರಿದಿದ್ದರೂ ಮತ್ತೆ ಮತ್ತೆ ನೋವುನಿವಾರಕ ಚುಚ್ಚುಮದ್ದುಗಳನ್ನು ಪಡೆದು ಆಡಿದ್ದಾಗಿಯೂ, ಇದರಿಂದ ಪಾದದ ನರಗಳಿಗೆ ಶಾಶ್ವತ ಹಾನಿಯಾಗಿರುವುದಾಗಿಯೂ ಅವರ ಪರವಾಗಿ ವಾದಿಸಲಾಯಿತು. ಲೀಗು ಹೊಣೆಯನ್ನು ಒಪ್ಪಲಿಲ್ಲ. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಅಲ್ಲಿ ಹೇಳಿದ್ದು ನೋವುನಿವಾರಕಗಳ ಮಾತು, ಕಾರ್ಟಿಸೋನಿನದಲ್ಲ. ಆದರೆ ಎರಡು ರೇಖೆಗಳ ಲೆಕ್ಕ ಎರಡಕ್ಕೂ ಒಂದೇ.

ಕ್ರೀಡಾಲೋಕ ಕೆಲಮಟ್ಟಿಗೆ ಎಚ್ಚೆತ್ತಿದೆ. ವಾಡಾ ಎಂಬ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯು ೨೦೨೨ರ ಜನವರಿ ೧ರಿಂದ, ಸ್ಪರ್ಧೆಯ ವೇಳೆಯಲ್ಲಿ ಈ ವರ್ಗದ ಮದ್ದನ್ನು ಯಾವ ಬಗೆಯಲ್ಲಿಯೇ ಆಗಲಿ ಚುಚ್ಚಿಸಿಕೊಳ್ಳುವುದನ್ನು ನಿಷೇಧಿಸಿತು. ಕೀಲಿಗೆ ಚುಚ್ಚುವುದೂ ಇದರಲ್ಲಿ ಸೇರಿದೆ. ವೈದ್ಯಕೀಯ ಕಾರಣಕ್ಕೆ ಮುಂಚಿತವಾಗಿ ಅನುಮತಿ ಪಡೆಯಲು ಅವಕಾಶವುಂಟು. ಜಾಗತಿಕ ಕಾಲ್ಚೆಂಡಾಟಕ್ಕೆ ಈ ನಿಯಮ ಅನ್ವಯಿಸುತ್ತದೆ. ಅಮೆರಿಕದ ಫುಟ್‌ಬಾಲ್ ಲೀಗು ಆ ಸಂಸ್ಥೆಯ ಕಟ್ಟಳೆಗೆ ಒಳಪಟ್ಟಿಲ್ಲ. ಅದು ಆಟಗಾರರ ಸಂಘದೊಡನೆ ಮಾಡಿಕೊಂಡ ತನ್ನದೇ ನಿಯಮಗಳನ್ನು ಪಾಲಿಸುತ್ತದೆ.

ನಾರನ್ನು ಬಲಪಡಿಸುವುದು ಯಾವುದು?

ಕೊಲಾಜೆನ್ ಎಳೆಗಳು ಎಳೆತದ ದಿಕ್ಕಿಗೆ ಸಾಲುಗೂಡುತ್ತವೆಂದು ಮೇಲೆ ಹೇಳಿದೆವು. ಆದ್ದರಿಂದ ಮೊದಲ ವಿಶ್ರಾಂತಿಯ ತರುವಾಯ ಅಳತೆಯರಿತು ಕೊಡುವ ಭಾರವೇ ನಾರಿಗೆ ಮದ್ದು. ಡೆನ್ಮಾರ್ಕಿನ ಸಂಶೋಧಕರು ಹಿಮ್ಮಡಿ ನೋವಿನ ೪೮ ಮಂದಿಯಲ್ಲಿ ಕೆಲವರಿಗೆ ಒಂದು ಸರಳ ವ್ಯಾಯಾಮವನ್ನು ಕಲಿಸಿದರು. ಮೆಟ್ಟಿಲಿನ ಅಂಚಿನಲ್ಲಿ ನಿಂತು, ಬೆರಳುಗಳ ಅಡಿಯಲ್ಲಿ ಸುತ್ತಿದ ಟವೆಲನ್ನಿಟ್ಟು, ಹಿಮ್ಮಡಿಯನ್ನು ಮೆಲ್ಲನೆ ಎತ್ತಿ ಇಳಿಸುವುದು. ಟವೆಲು ಏತಕ್ಕೆಂದರೆ ಬೆರಳುಗಳು ಮೇಲಕ್ಕೆ ಬಾಗಿ, ಹಿಕ್ಸ್ ವಿವರಿಸಿದ ಉರುಳೆಯ ಏರ್ಪಾಡಿನಂತೆ ಪಟ್ಟಿಯು ಬಿಗಿಯಾಗಲೆಂದು. ಮೂರು ತಿಂಗಳ ಹೊತ್ತಿಗೆ ಇವರು, ಬರಿಯ ಚಾಚುವ ವ್ಯಾಯಾಮ ಮಾಡಿದವರಿಗಿಂತ ಚೆನ್ನಾಗಿ ಗುಣಹೊಂದಿದ್ದರು. ವರ್ಷದ ಕೊನೆಗೆ ಎರಡು ಗುಂಪುಗಳೂ ಸಮನಾದವು. ಎರಡು ದಾರಿಗಳಲ್ಲಿಯೂ ಸಾಮರ್ಥ್ಯದ ರೇಖೆ ಏರಿತೇ ಹೊರತು, ನೋವಿನ ರೇಖೆಯನ್ನು ಬಲವಂತವಾಗಿ ಎತ್ತಲಿಲ್ಲವೆಂಬುದನ್ನು ಗಮನಿಸಬೇಕು.

ಈ ವಿಚಾರ ಸಾಗರದಾಚೆಯ ಶ್ರೀಮಂತ ಆಟಗಾರರಿಗೆ ಮಾತ್ರ ಸೇರಿದ್ದಲ್ಲ. ಹಿಮ್ಮಡಿಯ ನೋವಿಗೆ ನಮ್ಮ ಊರುಗಳಲ್ಲಿಯೂ ಈ ಚುಚ್ಚುಮದ್ದನ್ನು ಕೊಡುವುದುಂಟು. ಕಾಲೇಜಿನ ತಂಡದಲ್ಲಿ ಆಡುವ ವಿದ್ಯಾರ್ಥಿಗೆ ನಾಳೆ ಅಂತಿಮ ಪಂದ್ಯವಿರಬಹುದು, ಇಂದು ಕಾಲು ಊದಿರಬಹುದು. ಅಂಥ ವೇಳೆಯಲ್ಲಿ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಮೂರು. ನನಗೆ ಆಗಿರುವುದು ಉರಿಯೂತವೆ, ಹರಿತವೆ, ಮುರಿತವೆ? ಈ ಮದ್ದು ಗಾಯವನ್ನು ಮಾಯಿಸುತ್ತದೆಯೆ, ನೋವನ್ನು ಅಡಗಿಸುತ್ತದೆಯೆ? ಚುಚ್ಚಿಸಿಕೊಂಡ ಮೇಲೆ ಎಷ್ಟು ದಿನ ಕಾಲಿನ ಮೇಲೆ ಭಾರ ಹಾಕಬಾರದು? ಸಕ್ಕರೆ ಕಾಯಿಲೆಯುಳ್ಳವರು ಅದನ್ನೂ ಮುಂಚಿತವಾಗಿ ತಿಳಿಸಬೇಕು. ಈ ಮದ್ದಿನಿಂದ ರಕ್ತದ ಸಕ್ಕರೆ ಕೆಲವು ದಿನ ಏರುತ್ತದೆ.

ಪಂದ್ಯಕ್ಕೆ ದಿನ ಗೊತ್ತುಮಾಡುವವರು ಲೀಗಿನ ಅಧಿಕಾರಿಗಳು. ಕೊಲಾಜೆನ್ ಎಳೆಗೆ ಆ ಪಂಚಾಂಗ ಗೊತ್ತಿಲ್ಲ. ಅದು ತನ್ನ ಕಾಲಕ್ಕೆ ತಾನು ಬಲಿಯುತ್ತದೆ.